ದರ್ಜಿ ಅಂಗಡಿಯ ಮೇಲಿನ ಕಿಟಕಿ

ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವಳು ನಾನು. ಇನ್ನೊಬ್ಬರ ತಪ್ಪು ಹುಡುಕುವುದೇ ಹೊಟ್ಟೆಪಾಡಾಗಿದ್ದ ಹೆಂಗಸಿಗೆ, ನಿವೃತ್ತಿಯಾಯಿತು, ಇನ್ನು ಸುಮ್ಮನೆ ಕೂರು ಅಂದರೆ ಹೇಗೆ ಕೂತಾಳು? ಮೊದಲ ಮೂರು ತಿಂಗಳು ಅಕ್ಕನ ತಪ್ಪು ಹುಡುಕಿದೆ. ನಾವಿಬ್ಬರೂ ಒಂದೇ ಮನೆಯಲ್ಲಿರುವವರು. ಅವಳು ಗಂಡನನ್ನು ಕಳೆದುಕೊಂಡವಳು, ನಾನು ಮದುವೆಯ ತಂಟೆಗೇ ಹೋಗದವಳು. ನಾಲ್ಕನೆಯ ತಿಂಗಳು ಅವಳೇ ಲೈಬ್ರರಿಗೆ ಹೋಗಿ, "ನನ್ನ ತಂಗಿಗೆ ಏನಾದ್ರೂ ಕೆಲಸ ಕೊಡಿ, ಇಲ್ಲಾಂದ್ರೆ ನನ್ನನ್ನೇ ಇಲ್ಲಿ ಯಾವುದಾದ್ರೂ ಕಪಾಟಿನಲ್ಲಿ ಇಟ್ಕೊಂಡುಬಿಡಿ" ಅಂದಳಂತೆ. ಊರಿನ ಹಳೆಯ ಜಾಗಗಳನ್ನು ಜನರಿಗೆ ತೋರಿಸುವ ಭಾನುವಾರದ ನಡಿಗೆ ಶುರುವಾದದ್ದು ಹಾಗೆ.

ಬೆಳಿಗ್ಗೆ ಏಳೂವರೆಗೆ ಲೈಬ್ರರಿಯ ಮೆಟ್ಟಿಲ ಬಳಿ ಹದಿನೈದೋ ಇಪ್ಪತ್ತೋ ಜನ ಸೇರುತ್ತಾರೆ. ಮುಚ್ಚಿಹೋದ ಪ್ರೆಸ್ಸು, ಚಿತ್ರಕಾರನೊಬ್ಬ ಬಣ್ಣ ಮುಗಿದಾಗ ಇದ್ದಿಲಿನಲ್ಲೇ ಕುದುರೆ ಬರೆದಿಟ್ಟ ಮೆಟ್ಟಿಲಗೋಡೆ, ನಾಟಕದವರ ಪರದೆಗಳಿದ್ದ ಗೋದಾಮು, ಕೊನೆಗೆ ನಮ್ಮೂರಿನ ದೊಡ್ಡ ಕವಿಯೊಬ್ಬರ ಮನೆ. ಮುಂದೆ ನಾನು ಮಾತಾಡುತ್ತ ಹೋಗುತ್ತೇನೆ. ಹಿಂದೆ ಅಕ್ಕ, ಯಾರೂ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುತ್ತ ಬರುತ್ತಾಳೆ. ಅವಳಿಗೆ ಇನ್ನೊಂದು ಕೆಲಸವೂ ಇದೆ. ಒಂದು ಸಲ ಕೆಮ್ಮಿದರೆ, ಸಾಕು ಮುಂದೆ ನಡಿ ಅಂತ ಅರ್ಥ. ಎರಡು ಸಲ ಕೆಮ್ಮಿದರೆ, ತಪ್ಪು ಹೇಳಿದೆ ಅಂತ.

ಐದು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆಯೇ ಸುಡುಬಿಸಿಲು. ಕವಿಗಳ ಮನೆ ಮುಂದೆ ನಿಂತಾಗ ಅರ್ಧ ಜನ ಫೋನು ನೋಡುತ್ತಿದ್ದರು. ಒಬ್ಬಾತ ಬಾಯಿಗೆ ಕೈಯನ್ನೂ ಅಡ್ಡ ಇಡದೆ ಆಕಳಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಕವಿಗಳು ಬರೆಯುವುದಕ್ಕೆಂದು ಆ ಮನೆಯ ಮಹಡಿಯನ್ನು ಏಳು ವರ್ಷ ಬಾಡಿಗೆಗೆ ಹಿಡಿದಿದ್ದರು, ದೊಡ್ಡ ಪುಸ್ತಕವನ್ನು ಅಲ್ಲೇ ಬರೆದರು, ಇಷ್ಟೇ ನನಗೆ ಗೊತ್ತಿದ್ದದ್ದು. ಕೆಳಗೆ ಆಗಲೂ ಈಗಲೂ ದರ್ಜಿ ಅಂಗಡಿ. ಮೇಲೆ ಹಸಿರು ಬಣ್ಣದ ಕಿಟಕಿ. ನಾಲಿಗೆ ತಾನಾಗಿಯೇ ಹೊರಳಿತು ನೋಡಿ.

"ಕೋಟಿನ ಗುಂಡಿ ಕಿತ್ತುಹೋದ್ರೆ ಕವಿಗಳು ಮೆಟ್ಟಿಲಿಳಿದು ಬರ್ತಿರಲಿಲ್ಲ" ಅಂದೆ. "ಈ ಕಿಟಕಿಯಿಂದ ಕೋಟನ್ನ ಹಗ್ಗಕ್ಕೆ ಕಟ್ಟಿ ಇಳಿಸ್ತಿದ್ರು. ಜೇಬಲ್ಲಿ ಒಂದು ಚೀಟಿ, ಚೀಟಿಯಲ್ಲಿ ದರ್ಜಿಗೆ ಪದ್ಯದಲ್ಲೇ ಬೈಗುಳ. ದರ್ಜಿ ಗುಂಡಿ ಹೊಲಿದು, ತಾನೂ ನಾಲ್ಕು ಸಾಲು ಬೈದು ಬರೆದು, ಹಗ್ಗ ಜಗ್ಗುತ್ತಿದ್ದ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕಳಿಸಿದವನಂತೂ ಕಿಟಕಿಯ ಫೋಟೋ ತೆಗೆದುಕೊಂಡ. ಹಿಂದಿನಿಂದ ಎರಡು ಕೆಮ್ಮು ಕೇಳಿತು. ಮನೆಗೆ ಹೋಗುವಾಗ ಅಕ್ಕ, "ಹಗ್ಗ ಎಲ್ಲಿಂದ ಬಂತೇ?" ಅಂದಳು.

"ಬಾಯಿಗೆ ಬಂತು."

"ನುಂಗ್ಕೋಬೇಕಿತ್ತು."

ನುಂಗಿಕೊಳ್ಳಲಿಲ್ಲ. ಮುಂದಿನ ವಾರವೂ ಹೇಳಿದೆ, ಅದರ ಮುಂದಿನ ವಾರವೂ ಹೇಳಿದೆ. ಕೇಳಿದವರು ತಮ್ಮವರನ್ನು ಕರೆತಂದು, "ಆ ಹಗ್ಗದ ಕಥೆ ಹೇಳಿ" ಅನ್ನತೊಡಗಿದರು. ಎರಡನೆಯ ವರ್ಷ ದರ್ಜಿ ಮಾಸ್ಟರು ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದು, "ಆ ದರ್ಜಿ ನಮ್ಮಜ್ಜ" ಅಂದರು. ಅವರಜ್ಜ ಅಲ್ಲಿ ಅಂಗಡಿ ಇಟ್ಟಿದ್ದದ್ದೇನೋ ನಿಜ. ಮೂರನೆಯ ವರ್ಷ, "ನಮ್ಮಜ್ಜ ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡು ಇದನ್ನೇ ಹೇಳ್ತಿದ್ದ" ಅಂದರು. ನಾಲ್ಕನೆಯ ವರ್ಷ ಕಿಟಕಿಯಿಂದ ಒಂದು ಹಗ್ಗವನ್ನೇ ಇಳಿಬಿಟ್ಟರು. ಮಾಸ್ಟರು ಸುಳ್ಳುಗಾರರೇನಲ್ಲ. ಪ್ರತಿ ಭಾನುವಾರ ಕೇಳಿ ಕೇಳಿ ಅವರಿಗೆ ಅದು ನೆನಪೇ ಆಗಿಹೋಗಿತ್ತು. ನಾನು ತುಟಿ ಬಿಚ್ಚಲಿಲ್ಲ.

ಈ ವರ್ಷ ಲೈಬ್ರರಿಯವರು ಆ ಗೋಡೆಗೆ ಕಲ್ಲಿನ ಫಲಕ ಹಾಕಿಸಲು ಹೊರಟರು. ಲೈಬ್ರೇರಿಯನ್ ಫಲಕದ ಬರಹ ಸಿದ್ಧಮಾಡಿ, ಒಂದು ಶನಿವಾರ ನನ್ನ ಕೈಗಿತ್ತರು. "ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮೇಡಂ? ನೋಡಿ, ಸಹಿ ಹಾಕಿ ಕೊಡಿ. ಸೋಮವಾರ ಸಂಜೆ ಕೆತ್ತೋಕೆ ಹೋಗುತ್ತೆ. ಅನಾವರಣಕ್ಕೆ ಕವಿಗಳ ಮಗಳನ್ನೇ ಕರೆಸಿದೀವಿ" ಅಂದರು.

ಮನೆಗೆ ಬಂದು ಕೆಂಪು ಪೆನ್ನು ಹಿಡಿದು ಕೂತೆ. ಕೋಟು, ಗುಂಡಿ, ಹಗ್ಗ, ಎಲ್ಲ ಅದರಲ್ಲಿತ್ತು. ಒಂದು ಕಾಮಾ ಕೂಡ ಆಚೀಚೆ ಆಗಿರಲಿಲ್ಲ. ಸಹಿ ಹಾಕಿದರೆ ನನ್ನ ಸುಳ್ಳು ಕಲ್ಲಿಗೆ ಹತ್ತುತ್ತದೆ. ಹಾಕದಿದ್ದರೆ ಯಾಕೆ ಅಂತ ಕೇಳುತ್ತಾರೆ. ನಿಜ ಹೇಳಿದ ಮೇಲೆ, ಐದು ವರ್ಷ ಊರಿಗೆಲ್ಲ ಸುಳ್ಳು ಹೇಳಿದವಳನ್ನು ನಡಿಗೆಯ ಮುಂದೆ ಮತ್ತೆ ನಿಲ್ಲಿಸುತ್ತಾರೆಯೇ? ಆ ನಡಿಗೆಯನ್ನು ಬಿಟ್ಟರೆ ನನಗೆ ಇನ್ನೇನಿದೆ? ಅಕ್ಕನ ತಪ್ಪುಗಳಿವೆ ಅಷ್ಟೇ, ಅವೂ ಎಲ್ಲ ಹಳೆಯವೇ.

"ಸಹಿ ಹಾಕ್ತೀಯೇನೇ?" ಅಂದಳು ಅಕ್ಕ.

"ನಾಳೆ ನೋಡೋಣ."

ಮಾರನೆಯ ದಿನದ ನಡಿಗೆಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬಂದಿದ್ದರು. ತೆಳ್ಳಗೆ, ಎತ್ತರಕ್ಕೆ, ಮಾತೇ ಇಲ್ಲ. ಅಕ್ಕನ ಜೊತೆ ಹಿಂದೆಯೇ ನಡೆದುಬಂದರು. ಅವರ ಎಡಗೈ ಬಲಗೈಗಿಂತ ಗಿಡ್ಡ ಎನ್ನುವುದನ್ನು ಅಕ್ಕ ನೋಡಿದ್ದಳು. ಅಕ್ಕ ಕೇಳಿದ್ದಕ್ಕೆ, ಚಿಕ್ಕಂದಿನಲ್ಲಿ ಬಿದ್ದು ಮೂಳೆ ಮುರಿಯಿತು, ಆಮೇಲೆ ಆ ಕೈ ಸರಿಯಾಗಿ ಬೆಳೆಯಲೇ ಇಲ್ಲ ಅಂದರಂತೆ. ಅಂಗಿಯ ಎಡತೋಳು ಬೆರಳಿನವರೆಗೆ ಜೋತುಬಿದ್ದಿತ್ತು.

ಕಿಟಕಿಯ ಕೆಳಗೆ ನಾನು ಹಗ್ಗದ ಕಥೆ ಹೇಳಿದೆ. ಹೇಳಬಾರದು ಅಂದುಕೊಂಡೇ ಹೋಗಿದ್ದೆ, ಆದರೆ ಮಾಸ್ಟರು ಹಗ್ಗದ ತುದಿ ಹಿಡಿದು ತಯಾರಾಗಿ ನಿಂತಿದ್ದರು. ಜನ ನಕ್ಕರು. ಆ ಹೆಂಗಸು ನಗಲಿಲ್ಲ. ಎಲ್ಲರೂ ಚದುರಿದ ಮೇಲೆ ನನ್ನ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡರು.

"ನಾನು ಅವರ ಮಗಳು. ಅಪ್ಪ ಇಲ್ಲಿಗೆ ಬರೆಯೋಕೆ ಬರೋರು, ನಾವಿದ್ದದ್ದು ಬೇರೆ ಮನೇಲಿ. ಅಲ್ಲಿ ಅವರು ನಕ್ಕಿದ್ದನ್ನ ನಾನು ನೋಡೇ ಇಲ್ಲ. ನಾಲ್ಕು ಮಾತಾಡಿದ್ರೆ ಅವತ್ತು ಹಬ್ಬ. ಅವರಿಗೆ ನಮ್ಮ ಮೇಲೆ ಪ್ರೀತಿ ಇತ್ತೋ ಇಲ್ಲವೋ ಅಂತ ಈ ವಯಸ್ಸಲ್ಲೂ ಯೋಚಿಸ್ತೀನಿ. ಹೀಗೆ ತಮಾಷೆ ಮಾಡೋರು ಅಂತ ಇವತ್ತು ಗೊತ್ತಾಯ್ತು. ನಿಮ್ಮ ಋಣ ಯಾವತ್ತೂ ಮರೆಯೋದಿಲ್ಲ." ಅವರ ಕಣ್ಣು ತುಂಬಿತ್ತು.

ಅಕ್ಕ ಅವತ್ತು ಕೆಮ್ಮಲೂ ಇಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಕೆಮ್ಮಿದ್ದರೇ ವಾಸಿಯಿತ್ತು.

ಸೋಮವಾರ ಬೆಳಿಗ್ಗೆ ಕರಡನ್ನು ಬಿಚ್ಚಿ, ಮೇಲಿನಿಂದ ಕೆಳಗೆ ಒಂದೇ ಗೆರೆಯಲ್ಲಿ ಎಲ್ಲವನ್ನೂ ಹೊಡೆದುಹಾಕಿದೆ. ಮೂವತ್ತೊಂದು ವರ್ಷದಲ್ಲಿ ಒಂದು ಹಾಳೆಯನ್ನು ಇಡಿಯಾಗಿ ಹೊಡೆದದ್ದು ಅದೇ ಮೊದಲು. "ಮೊದಲು ಮಾಸ್ಟರಿಗೆ ಹೇಳ್ತೀನಿ, ಆಮೇಲೆ ಆ ಅಮ್ಮನಿಗೆ, ಆಮೇಲೆ ಲೈಬ್ರರಿಗೆ" ಅಂದೆ. ಅಕ್ಕ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಅಂಗಡಿಗೆ ಹೋದರೆ ಮಾಸ್ಟರ ಎದುರಿನ ಕುರ್ಚಿಯಲ್ಲಿ ಆ ಅಮ್ಮನೇ ಕೂತಿದ್ದರು! ಕಿಟಕಿಯನ್ನು ಇನ್ನೊಮ್ಮೆ ನೋಡಲು ಬಂದಿದ್ದರಂತೆ. ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು; ಅಪ್ಪನ ಹಸ್ತಪ್ರತಿ, ಲೈಬ್ರರಿಗೆ ಕೊಡಬೇಕು ಅಂದರು. ಮಾಸ್ಟರು ಅವರಿಗೆ ತಮ್ಮಜ್ಜ ಬೈದ ಪದ್ಯವೊಂದನ್ನು ಹೇಳಿ ತೋರಿಸುತ್ತಿದ್ದರು. ಅದು ಯಾವಾಗ ಹುಟ್ಟಿತೋ ನನಗಂತೂ ಗೊತ್ತಿಲ್ಲ.

ನಿಂತಲ್ಲೇ ಹೇಳಿಬಿಟ್ಟೆ. "ಹಗ್ಗ ಇಲ್ಲ, ಕೋಟು ಇಲ್ಲ, ಚೀಟಿ ಇಲ್ಲ. ಎಲ್ಲ ನಾನು ಕಟ್ಟಿದ್ದು. ಬಿಸಿಲಲ್ಲಿ ಒಬ್ಬ ಆಕಳಿಸಿದ ಅಂತ ಕಟ್ಟಿದೆ. ತಪ್ಪಾಯ್ತು. ನನ್ನನ್ನ ಕ್ಷಮಿಸಿ."

ಮಾಸ್ಟರು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದರು. "ಏನ್ರೀ ಗೈಡಮ್ಮ, ನಾಲ್ಕು ವರ್ಷದಿಂದ ಊರಿಗೆಲ್ಲ ಹೇಳ್ಕೊಂಡು ಬಂದಿದೀನಲ್ರೀ! ನನ್ನ ಮಾನ ಏನಾಗ್ಬೇಕು?"

"ನೀವೇ ಅಲ್ವ ತೊಡೆ ಮೇಲೆ ಕೂತು ಕೇಳಿದ್ದು?" ಅಂದೆ. ಅನ್ನಬಾರದಿತ್ತು. ಹಿಂದಿನಿಂದ ಎರಡು ಕೆಮ್ಮು ಬಂತು.

ಆ ಅಮ್ಮ ಗಂಟನ್ನು ಮಡಿಲಿಗೆ ಒತ್ತಿಕೊಂಡರು. "ಬಿಡಿ. ಹಾಗಾದ್ರೆ ನಾನು ಮೊದಲಿಂದ ಅಂದ್ಕೊಂಡಿದ್ದೇ ಸರಿ" ಅಂದು ಎದ್ದರು. ಅವರು ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಗಂಟನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ಬಿಚ್ಚಿ, "ಇದನ್ನಾದ್ರೂ ಸರಿಯಾಗಿ ಲೈಬ್ರರಿಗೆ ಮುಟ್ಟಿಸಿ. ಒಳ್ಳೆ ಪದ್ಯ ಇರೋ ಎರಡು ಹಾಳೇನ ಮೇಲಿಟ್ಟಿದೀನಿ" ಅಂದರು.

ಆ ಎರಡು ಹಾಳೆಗಳ ಆಕಾರವೇ ವಿಚಿತ್ರ. ಮೇಲೆ ಗುಂಡಗೆ ಉಬ್ಬಿ, ಕೆಳಗೆ ಹೋಗುತ್ತ ಕಿರಿದಾಗಿದ್ದವು. ನನಗೆ ಥಟ್ಟನೆ ನೆನಪಾಯಿತು. ಈ ಹಾಳೆಗಳನ್ನು ನೋಡಿದ್ದ ಪ್ರೊಫೆಸರೊಬ್ಬರು, ಇದು ಗುಮ್ಮಟ, ಕವಿ ಆಕಾಶವನ್ನೇ ಕಾಗದಕ್ಕೆ ಇಳಿಸಿದ್ದಾರೆ ಎಂದು ಉದ್ದನೆಯ ಲೇಖನ ಬರೆದಿದ್ದರು. ಆ ಲೇಖನದ ಕರಡು ತಿದ್ದಿದವಳು ನಾನೇ. "ಇದು ಗುಮ್ಮಟ" ಅಂತ ಬಾಯಿಬಿಟ್ಟು ಹೇಳಿದೆ.

ಮುಖ ಊದಿಸಿಕೊಂಡು ನಿಂತಿದ್ದ ಮಾಸ್ಟರು ಅತ್ತ ಒಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಗುಮ್ಮಟ ಅಂತೆ ಗುಮ್ಮಟ! ಇದು ತೋಳು ಕಣ್ರೀ. ಅಂಗಿ ತೋಳು. ಬಟ್ಟೆ ಕತ್ತರಿಸೋಕೆ ಮುಂಚೆ ಕಾಗದದಲ್ಲಿ ಹೀಗೆ ಕತ್ತರಿಸ್ಕೋತೀವಿ." ಹಾಳೆಯನ್ನು ಮಗುಚಿದರು. ಹಿಂದೆ ನೀಲಿ ಪೆನ್ಸಿಲಿನ ಗೆರೆ, ಅಂಕಿಗಳು. ಮಾಸ್ಟರು ಗೋಡೆಯ ಮೇಲಿನ ಪೆಟ್ಟಿಗೆಯಿಂದ ಅಜ್ಜನ ಹಳೆಯ ಅಳತೆ ಪುಸ್ತಕ ತಂದು ಪಕ್ಕದಲ್ಲಿಟ್ಟರು. ಅಂಕಿಗಳು ಅದೇ ಕೈಯವು. ಏಳಕ್ಕೆ ಅಡ್ಡಗೆರೆ ಎರಡರಲ್ಲೂ ಒಂದೇ ಥರ. ಕರಡು ನೋಡಿದ ಕಣ್ಣು ನನ್ನದು, ಇಂಥದ್ದರಲ್ಲಿ ಮೋಸ ಹೋಗುವುದಿಲ್ಲ.

"ಕೆಲಸ ಮುಗಿದ ಮೇಲೆ ನಮ್ಮಜ್ಜ ಈ ಕಾಗದಾನ ಮಹಡಿಗೆ ಕಳಿಸಿದಾನೆ. ಅವರು ಹಿಂದುಗಡೆ ಬರೆದಿದಾರೆ" ಅಂದರು ಮಾಸ್ಟರು. ಆಮೇಲೆ ಆ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಹುಬ್ಬು ಗಂಟಿಕ್ಕಿದರು. "ಇದೇನಿದು? ತೋಳು ಒಂದೇ ಸಲ ಬರೆದು ಎರಡು ಕತ್ತರಿಸ್ತೀವಿ. ಇಲ್ಲಿ ಎರಡನ್ನೂ ಬೇರೆ ಬೇರೆ ಬರೆದಿದಾನೆ. ಏಳೆಂಟು ವರ್ಷದ ಮಗುವಿನ ಅಳತೆ. ಎಡದ್ದು ಎರಡು ಬೆರಳಷ್ಟು ಗಿಡ್ಡ."

ಆ ಅಮ್ಮ ಜೋತುಬಿದ್ದಿದ್ದ ತಮ್ಮ ಎಡತೋಳನ್ನು ನಿಧಾನವಾಗಿ ಹಿಂದಕ್ಕೆ ಸರಿಸಿಕೊಂಡರು.

"ನೀಲಿ ಫ್ರಾಕು" ಅಂದರು. "ಎರಡನೇ ಕ್ಲಾಸಲ್ಲಿ. ನನ್ನ ಎರಡೂ ಕೈ ಒಂದೇ ಥರ ಕಾಣ್ತಿದ್ದ ಬಟ್ಟೆ ಅದೊಂದೇ. ಅದನ್ನ ಹಾಕ್ಕೊಂಡ ದಿನ ಸ್ಕೂಲಲ್ಲಿ ಯಾರೂ ಆಡ್ಕೊಳ್ಳಲಿಲ್ಲ. ಅಮ್ಮ ಹೊಲಿಸಿದ್ದು ಅಂದ್ಕೊಂಡಿದ್ದೆ. ಅದಕ್ಕೆ ಮುಂಚೆ ಅಪ್ಪ ಒಂದು ದಿನ ಕರೆದು, ಕೈ ಚಾಚು ಅಂದ್ರು. ದಾರ ಹಿಡಿದು ಈ ಕೈ ಅಳೆದ್ರು, ಆ ಕೈ ಅಳೆದ್ರು. ಹೋಗು ಅಂದ್ರು. ಯಾಕೆ ಅಂತ ಹೇಳಲೇ ಇಲ್ಲ. ನನ್ನ ಕುಂದು ಅಳೀತಿದಾರೆ ಅಂತ ಎಷ್ಟು ಅತ್ತಿದ್ದೆ ಗೊತ್ತಾ!"

ಕುರ್ಚಿಯಲ್ಲಿ ಕೂತು ಅವರು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಅವರ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಹಿಡಿದುಕೊಂಡಳು. ಮಾಸ್ಟರು ಗೋಡೆಯ ಕಡೆ ತಿರುಗಿ ಮೂಗು ಸೀಟಿದರು. ನಾನೂ ಅತ್ತೆ, ಮುಚ್ಚಿಡುವುದೇನು? ಆದರೆ ಎಷ್ಟೋ ದಿನಗಳ ಮೇಲೆ ಮೈ ಹಗುರಾಗಿತ್ತು.

ಅಲ್ಲಿಂದ ಲೈಬ್ರರಿಗೆ ಹೋಗಿ ಎಲ್ಲ ಹೇಳಿದೆ. ಲೈಬ್ರೇರಿಯನ್ ಕೆಂಪು ಗೆರೆ ಎಳೆದ ಹಾಳೆಯನ್ನೂ ನನ್ನನ್ನೂ ಮೂರು ಸಲ ನೋಡಿದರು. ಆ ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. "ಇವರು ಸುಳ್ಳು ಹೇಳದೇ ಇದ್ದಿದ್ರೆ ನಾನು ಮತ್ತೆ ಆ ಅಂಗಡಿಗೆ ಹೋಗ್ತಿರಲಿಲ್ಲ. ನಿಜ ಹೇಳದೇ ಇದ್ದಿದ್ರೆ ಈ ಗಂಟನ್ನ ಅಲ್ಲಿ ಬಿಚ್ಚುತ್ತಿರಲಿಲ್ಲ" ಅಂದರು. ಲೈಬ್ರೇರಿಯನ್ ತಲೆ ಕೆರೆದುಕೊಂಡು, "ಭಾನುವಾರ ಏಳೂವರೆಗೆ ಬನ್ನಿ ಮೇಡಂ. ಹಗ್ಗ ಮಾತ್ರ ಬೇಡ" ಅಂದರು.

ಹೊಸ ಬರಹವನ್ನು ನಾನೇ ಬರೆದೆ, ಅಕ್ಕ ತಿದ್ದಿದಳು. ಎರಡು ತಪ್ಪು ಹಿಡಿದಳು ಕೂಡ, ಪಾಪಿ.

ಅನಾವರಣದ ದಿನ ಬೀದಿ ತುಂಬ ಜನ. ಆ ಅಮ್ಮ ನೀಲಿ ಬಟ್ಟೆಯ ಹೊಸ ಅಂಗಿ ತೊಟ್ಟು ಬಂದಿದ್ದರು. ಮಾಸ್ಟರು ಮೂರು ದಿನ ಬೇರೆ ಕೆಲಸ ಮುಟ್ಟದೆ ಹೊಲಿದದ್ದು ಅದು. ಎರಡು ತೋಳನ್ನೂ ಬೇರೆ ಬೇರೆ ಬರೆದು ಕತ್ತರಿಸಿದ್ದರು. ಫಲಕದ ಮೇಲಿನ ಪರದೆ ಎಳೆಯಲು ಅವರು ಎರಡೂ ಕೈ ಮೇಲೆತ್ತಿದರು. ಎರಡು ತೋಳೂ ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿದ್ದವು.