ಬಸ್ಸು ಹೋಗುವ ಸ್ಮಶಾನ

"ಬದುಕಿದ್ದಷ್ಟು ದಿನ ಬಾಡಿಗೆ ಮನೇಲಿದ್ರು. ಸತ್ತ ಮೇಲೆ ಸ್ವಂತ ಜಾಗ ಬೇಕಂತೆ ಇವರಿಗೆ."

ನಗರಸಭೆಯಲ್ಲಿ ಎಲ್ಲರೆದುರು ಹೀಗೆ ಹೇಳಿದವನು ರೈನ್‌ಹೋಲ್ಡ್ ಕ್ರಾಪ್ಫ್. ಈಗ ಸದಸ್ಯ, ಹಿಂದೆ ಪಿಂಗಾಣಿ ಕಾರ್ಖಾನೆಯಲ್ಲಿ ಭಟ್ಟಿಯ ಮೇಸ್ತ್ರಿ. ನಮ್ಮಪ್ಪ ಹಿಕ್ಮೆತ್ ಇಪ್ಪತ್ತೆಂಟು ವರ್ಷ ಅವನ ಕೈಕೆಳಗೆ ಬೆಂದವನು. ಹಿಂದಿನ ಬೆಂಚುಗಳಲ್ಲಿದ್ದವರು ನಕ್ಕರು. ನಾನು ಎದ್ದೆ. ನಮ್ಮ ಮಸೀದಿಯ ಇಮಾಮರು ವೇಯ್ಸೆಲ್ ಹೋಜಾ ನನ್ನ ಜಾಕೆಟ್ ಹಿಡಿದು ಎಳೆದರು.

"ಕೂತ್ಕೊಳೋ ತಾಯ್ಲಾನ್. ನಿನ್ನ ಬಾಯಿಂದ ಇರೋ ಓಟೂ ಹೋಗುತ್ತೆ."

ಟರ್ಕಿಯಿಂದ ದುಡಿಯಲು ಬಂದು ಇಲ್ಲೇ ನೆಲೆಸಿದ ನಾವು ಕೇಳಿದ್ದೇನು ಮಹಾ? ಶವಪೆಟ್ಟಿಗೆಯಿಲ್ಲದೆ, ಬಿಳಿ ಬಟ್ಟೆ ಸುತ್ತಿ ಹೂಳಬಹುದೆಂದು ರಾಜ್ಯದ ಕಾನೂನು ಆಗಲೇ ಒಪ್ಪಿತ್ತು. ಊರಿನ ಸ್ಮಶಾನದ ನಿಯಮ ಮಾತ್ರ ಬದಲಾಗಿರಲಿಲ್ಲ, ಅದನ್ನು ಬದಲಿಸಿ ನಮಗೂ ಅಲ್ಲೊಂದಿಷ್ಟು ಜಾಗ ಕೊಡಿ ಅಂದಿದ್ದೆವು. ಇಷ್ಟು ವರ್ಷ ನಮ್ಮವರು ಯಾರು ಸತ್ತರೂ ವಿಮಾನದ ಹೊಟ್ಟೆಯಲ್ಲಿ ಟರ್ಕಿಗೆ ಹೋಗುತ್ತಿದ್ದರು. ಆಸ್ಪತ್ರೆಯಲ್ಲಿ ದಿನ ಎಣಿಸುತ್ತಿದ್ದ ಅಪ್ಪ ಅದು ಬೇಡ ಅಂದಿದ್ದ.

"ಅಲ್ಲಿ ನನಗ್ಯಾರಿದಾರೋ? ಇಲ್ಲೇ ಮಣ್ಣಾದ್ರೆ ನಿಮ್ಮಮ್ಮ ಮೂರನೇ ನಂಬರ್ ಬಸ್ಸು ಹತ್ತಿ ಬರ್ತಾಳೆ."

ಓಟಾಯಿತು. ಒಂಬತ್ತು ಪರ, ಎಂಟು ವಿರುದ್ಧ. ಕ್ರಾಪ್ಫನ ಕೈ ಆ ಎಂಟರಲ್ಲಿತ್ತು. ಹನ್ನೊಂದು ದಿನಕ್ಕೆ ಅಪ್ಪ ಹೋದ. ಊರಿನ ಸ್ಮಶಾನದಲ್ಲಿ ನಮ್ಮವರ ಮೊದಲ ಗುಂಡಿ ಅವನದೇ ಆಗಬೇಕಿತ್ತು.

ಅರ್ಜಿ ತುಂಬಿದವನು ನಾನು. ಅರ್ಧಕ್ಕೆ ಶಾಲೆ ಬಿಟ್ಟವನಿಗೆ ಫಾರಂ ಕಂಡರೆ ಮೈಯುರಿ, ಆದರೂ ಬೇರೆಯವರ ಕೈಗೆ ಕೊಡಲಿಲ್ಲ. ಕಚೇರಿಯ ಹೆಂಗಸು ಸ್ಮಶಾನದ ನಕ್ಷೆ ಮುಂದೆ ತಳ್ಳಿ, "ಮೆಕ್ಕಾ ಕಡೆಗೆ ಅಂತೀರಲ್ಲ, ಯಾವ ದಿಕ್ಕು ಅಂತ ಗುರುತು ಹಾಕಿ ಕೊಡಿ" ಅಂದಳು. ಮೊಬೈಲ್ ನೋಡಿಕೊಂಡು ಆಗ್ನೇಯಕ್ಕೆ ಬಾಣ ಎಳೆದೆ, ಕೂದಲಷ್ಟೂ ಆಚೀಚೆ ಆಗದ ಹಾಗೆ.

ಶುಕ್ರವಾರ ಮಧ್ಯಾಹ್ನ ಅಪ್ಪನನ್ನು ಹೊತ್ತು ತಂದು ಮರದ ಕೆಳಗೆ ಇಳಿಸಿದೆವು. ಗುಂಡಿ ನೋಡಲು ಹೋದ ಹೋಜಾ ಅಲ್ಲೇ ನಿಂತುಬಿಟ್ಟರು. ಗುಂಡಿಯ ಉದ್ದ ಮೆಕ್ಕಾ ಕಡೆಗೆ ಚಾಚಿತ್ತು. ಅದರಲ್ಲಿ ಮಲಗಿಸಿದರೆ ಅತ್ತ ಹೋಗುವುದು ಅಪ್ಪನ ಕಾಲು. ಬಲಮಗ್ಗುಲಿಗೆ ಮಲಗಿಸಿ ಮುಖ ಅತ್ತ ತಿರುಗಿಸಬೇಕು, ಅದಕ್ಕೆ ಗುಂಡಿ ಅಡ್ಡಕ್ಕಿರಬೇಕು.

"ಯಾವ ಕತ್ತೆ ತೋಡಿದ್ದು ಇದನ್ನ? ಬೇಕಂತಲೇ ಮಾಡಿದಾರೆ" ಎಂದು ಕೂಗಾಡಿದೆ.

ಗುಂಡಿ ತೋಡುವವನು ಜೇಬಿನಿಂದ ನಕ್ಷೆ ತೆಗೆದು ಎಲ್ಲರ ಮುಂದೆ ಬಿಡಿಸಿದ. ನನ್ನ ಬಾಣ. ಅವನು ಬಾಣದ ಉದ್ದಕ್ಕೇ ತೋಡಿದ್ದ.

"ತೋಡೋ ಯಂತ್ರ ವಾಪಸ್ ಹೋಯ್ತು. ಇನ್ನು ಸೋಮವಾರಾನೇ."

ನಮ್ಮಲ್ಲಿ ಸೋಮವಾರದ ತನಕ ಕಾಯಿಸುವ ಪದ್ಧತಿಯಿಲ್ಲ. ಇದ್ದ ಗುಂಡಿಗೇ ಅಡ್ಡಲಾಗಿ ಕೈಯಲ್ಲೇ ತೋಡೋಣ ಅಂದರು ಹೋಜಾ. ಐದು ಸಲಿಕೆ ಸಿಕ್ಕವು. ನಾಲ್ಕು ನಮ್ಮವರ ಕೈಸೇರಿದವು. ಐದನೆಯದಕ್ಕೆ ನಾನು ಬಗ್ಗುವಷ್ಟರಲ್ಲಿ ಇನ್ನೊಂದು ಕೈ ಅದನ್ನು ಎತ್ತಿಕೊಂಡಿತು. ಕ್ರಾಪ್ಫ್. ಕಪ್ಪು ಸೂಟು, ಕಪ್ಪು ಟೈ. ಯಾವಾಗ ಬಂದಿದ್ದನೋ.

"ನಿಮಗ್ಯಾಕೆ ಈ ಕೆಲಸ?"

"ಗೆರೆ ಎಳೆಯೋಕೆ ಬರದೋನು ತೋಡೋಕೆ ಹೊರಟ. ಸರಿಯೋ ಆಚೆ."

ಕೋಟು ಬಿಚ್ಚಿ ಗೋರಿಕಲ್ಲಿನ ಮೇಲೆ ಹಾಕಿ ಇಳಿದೇಬಿಟ್ಟ. ಎಪ್ಪತ್ತು ದಾಟಿದ ಮುದುಕ, ಅಂಟುವ ಜೇಡಿಮಣ್ಣು. ಎರಡು ಗಂಟೆ ಹೊತ್ತು ಗುಂಡಿಯಿಂದ ಮೇಲಕ್ಕೆ ಬರಲಿಲ್ಲ. "ಹಿಕ್ಮೆತ್ ಆಗಿದ್ರೆ ಇಷ್ಟೊತ್ತಿಗೆ ಮುಗಿಸಿ ಟೀ ಕುಡೀತಿದ್ದ" ಅಂತ ಒಮ್ಮೆ ಗೊಣಗಿದ. ನಮ್ಮವರು ನಕ್ಕರು. ಅವನು ಒಳ್ಳೆಯವನಾಗುತ್ತಿರುವುದು ನೋಡಿ ನನ್ನ ಸಿಟ್ಟು ಇನ್ನೂ ಏರಿತು. ಹಾಗೇ ಇದ್ದಿದ್ದರೆ ಬಯ್ಯುವುದಾದರೂ ಸುಲಭವಿತ್ತು.

ನಮಾಜು ಮುಗಿದ ಮೇಲೆ ಹೋಜಾ ಜನರತ್ತ ತಿರುಗಿ ನಮ್ಮ ಭಾಷೆಯಲ್ಲಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು. ಮೂರು ಸಲವೂ ಎಲ್ಲರೂ ಒಟ್ಟಿಗೆ ಉತ್ತರಿಸಿದೆವು. ಕ್ರಾಪ್ಫ್ ಮಣ್ಣಾದ ಕೈಯಲ್ಲೇ ನನ್ನ ತೋಳು ಮುಟ್ಟಿದ.

"ಅವರು ಕೇಳಿದ್ದೇನು?"

"ಸತ್ತವರ ಮೇಲೆ ನಿಮ್ಮದೇನಾದ್ರೂ ಬಾಕಿ ಇದ್ರೆ, ನೋವು, ಜಗಳ, ಏನೇ ಆಗ್ಲಿ, ಬಿಟ್ಕೊಡ್ತೀರಾ ಅಂತ. ಬಿಟ್ವಿ ಅಂದ್ವಿ."

"ಅವನ ಮೇಲೆ ನಂದೇನಿಲ್ಲ." ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. "ಅವನದು ನನ್ನ ಮೇಲೆ? ಸಭೇಲಿ ನಾನಂದಿದ್ದು ಅವನ ಕಿವಿಗೆ ಬಿದ್ದಿತ್ತಾ?"

ಬಿದ್ದಿತ್ತು. ಆ ಸಂಜೆಯೇ ಆಸ್ಪತ್ರೆಗೆ ಓಡಿಹೋಗಿ ಒಂದಕ್ಷರ ಬಿಡದೆ ಹೇಳಿದವನು ನಾನೇ. ಅಪ್ಪ ಕೇಳಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದ.

ಅಪ್ಪನನ್ನು ಎತ್ತಲು ಹೋಜಾ ಕರೆದರು. ಕ್ರಾಪ್ಫ್ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನ ಕೈಯಿಂದ ತೋಳು ಬಿಡಿಸಿಕೊಂಡು, ಹೆಗಲು ಕೊಡಲು ಮರದ ಕಡೆ ನಡೆದೆ.