ಫ್ಯಾನು ತಿರುಗುತ್ತಿದೆ, ಮೀಟರು ಸೊನ್ನೆ ಎನ್ನುತ್ತಿದೆ

೧
ಮುಂಬೈ ಕಥೆ ಎಂದರೆ ಲೋಕಲ್ ಟ್ರೈನಿನ ಬಾಗಿಲಲ್ಲಿ ಜೋತಾಡುವ ಒಬ್ಬನಿಂದ ಶುರುವಾಗಬೇಕಂತೆ. ಪ್ರಯತ್ನಿಸಿದೆ. ನನ್ನವನು ದಾದರ್ ಬರುವ ಮೊದಲೇ ಬದುಕಿನ ಅರ್ಥದ ಬಗ್ಗೆ ಯೋಚಿಸತೊಡಗಿದ. ಹಿಂದಿದ್ದವರು ತಳ್ಳಿ ಇಳಿಸಿದರು. ಆ ಡ್ರಾಫ್ಟ್ ಅಲ್ಲಿಗೆ ಮುಗಿಯಿತು.

೨
ವಸ್ತುವಿನಿಂದಲೇ ಶುರುಮಾಡೋಣ. ಒಂದು ಮಲ್ಟಿಮೀಟರ್: ಕರೆಂಟು ಇದೆಯೋ ಇಲ್ಲವೋ, ಇದ್ದರೆ ಎಷ್ಟು ಎಂದು ಹೇಳುವ ಹಳದಿ ಡಬ್ಬಿ. ಫುಟ್‌ಪಾತಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಮಾಲು. ಹಿಂಬದಿಯ ಮುಚ್ಚಳ ತೆಗೆದಿದೆ. ಒಳಗೆ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿಕೊಂಡಿದೆ. (ಇಲ್ಲೊಂದು ಉಪಮೆ ಬರಬೇಕಿತ್ತು. ಬರೆದೆ, ಹೊಡೆದುಹಾಕಿದೆ. ಪುಡಿ ಪುಡಿಯ ಹಾಗೆಯೇ ಇತ್ತು.)

ಎದುರಿಗೆ ಕೂತವಳು ಸೈಮಾ. ಐಟಿಐಯಲ್ಲಿ ವೈರಿಂಗ್ ಕಲಿತು ಬಂದಿದ್ದಾಳೆ. ಜಾಗ, ಸಯನ್ನಿನ ಒಂದು ಚಾಳಿನ ಒಂಟಿ ಕೋಣೆ. ಅಪ್ಪ ಜಮಾಲಸಾಬ ವಿಜಯಪುರದ ಕಡೆಯವನು, ಗಾದಿ ಹೊಲಿಯುತ್ತಾನೆ. ಹಿಂದಿನ ಬಿಲ್ಡಿಂಗಿನ ಕಸ್ತೂರಿಬಾಯಿಯ ಗೀಸರ್ ಶಾಕ್ ಹೊಡೆಯುತ್ತಿದೆ, ಸೈಮಾಳನ್ನು ಕರೆದಿದ್ದಾಳೆ. ಒಬ್ಬಳೇ ಹೋಗಿ ಮಾಡುವ ಮೊದಲ ಕೆಲಸ. ಜಮಾಲಸಾಬ ಷರತ್ತು ಹಾಕಿದ್ದಾನೆ:

“ಮೀಟರ್ ಚಾಲೂ ಆದ್ರ ಹೋಗು. ಇಲ್ಲಾಂದ್ರ ಈ ಕರೆಂಟಿನ ಹುಚ್ಚು ಬಿಟ್ಟು ನನ್ನ ಬಾಜೂಕ ಸೂಜಿ ಹಿಡದು ಕುಂಡ್ರು.”

೩
ಸೆಲ್ಲು ಸೋರಿದ್ದೇಕೆ? ಇಲ್ಲಿ ಜಾಗತಿಕ ಬಂಡವಾಳದ ಮೇಲೆ ಒಂದು ಇಡೀ ಪುಟ ಬರೆದಿದ್ದೆ. ಅಳಿಸಿದೆ. ಕಾರಣ ಇಷ್ಟು: ಜಮಾಲಸಾಬ ಟಿವಿ ರಿಮೋಟಿನ ಸತ್ತ ಸೆಲ್ಲುಗಳನ್ನು ಎಸೆಯುವುದಿಲ್ಲ. ಗಾದಿಯ ಹತ್ತಿಯ ಹಾಗೆ ಅವನ್ನೂ ಕಿಟಕಿಯ ಗ್ರಿಲ್ ಮೇಲೆ ಬಿಸಿಲಿಗಿಡುತ್ತಾನೆ. ಆಮೇಲೆ ಹಲ್ಲಿನಿಂದ ಒಮ್ಮೆ ಕಚ್ಚಿ, ಮತ್ತೆ ಎಲ್ಲಾದರೂ ತುರುಕುತ್ತಾನೆ.

“ಬಿಸಲಿಗಿಟ್ಟ ಸೆಲ್ ಇದರಾಗ ಯಾಕ ಹಾಕಿದಿ ಅಬ್ಬಾ?”

“ಜೀವ ಇತ್ತು ಅವಕ್ಕ. ನೀನ ಮೀಟರ್ ಎಲ್ಲೋ ಕೆಡವಿರಬೇಕು.”

“ಕೆಡವಿದ್ರ ಒಡೀತೈತಿ. ಹಿಂಗ ಪುಡಿ ಕಟ್ಟಂಗಿಲ್ಲ.”

೪
ಸೈಮಾ ಹಳೇ ಟೂತ್‌ಬ್ರಶ್ಶನ್ನು ನಿಂಬೆರಸದಲ್ಲಿ ಅದ್ದಿ ಪುಡಿ ಉಜ್ಜಿದಳು. ಅದು ನೊರೆ ಕಾರಿತು. ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿದಳು. ತುಕ್ಕು ತಿಂದ ಸ್ಪ್ರಿಂಗ್ ಕಿತ್ತು, ಕೆಟ್ಟ ಟಾರ್ಚಿನದೊಂದನ್ನು ತಂದು ಬೆಸುಗೆ ಹಾಕಿದಳು. (ಈ ಭಾಗ ನನಗೂ ಬೋರು, ವಿಮರ್ಶಕರಿಗೆ ಇನ್ನೂ ಬೋರು. ಮೀಟರಿಗೆ ಇದು ತಿಳಿಯದು.) ಹೊಸ ಸೆಲ್ಲು ಹಾಕಿದಳು. ಪರದೆಯ ಮೇಲೆ ಅಂಕಿಗಳು ಮೂಡಿದವು.

“ಮಾಷಾ ಅಲ್ಲಾಹ್! ಚಾಲೂ ಆತು. ಹೋಗು, ಆ ಬಾಯಿ ಕಾಯಾಕತ್ತಾಳ.”

೫
ಅಂತ್ಯ ಒಂದು, ದುರಂತ. ಸೈಮಾ ಗೀಸರಿನ ವೈರಿಗೆ ಮೀಟರಿನ ಕಡ್ಡಿ ತಾಗಿಸುತ್ತಾಳೆ. ಸೊನ್ನೆ. ಕರೆಂಟಿಲ್ಲವೆಂದು ನಂಬಿ ಬರಿಗೈಯಲ್ಲಿ ವೈರು ಹಿಡಿಯುತ್ತಾಳೆ. ಕಥೆಗೊಂದು ಹೆಣ, ನನಗೊಂದು ಬಹುಮಾನ. ವೈರಿನ ಬಣ್ಣ ಯಾವುದಿರಲಿ ಎಂದು ಯೋಚಿಸುತ್ತಿದ್ದೆ.

“ಏಕ್ ಮಿನಿಟ್ ರೈಟರ್ ಸಾಹೇಬ್ರ. ಮನ್ಯಾಗ ಟೆಸ್ಟ್ ಮಾಡದ ನಾ ಯಾಕ ಹೋಗಲಿ?” ಎಂದಳು ಸೈಮಾ.

“ನಿನಗಿಲ್ಲಿ ಡೈಲಾಗ್ ಇಲ್ಲ.”

“ಡೈಲಾಗ್ ಬ್ಯಾಡ. ಪ್ಲಗ್ ಎಲ್ಲೈತಿ?”

ಕರೆಂಟು ಇದೆಯೆಂದು ಗೊತ್ತಿರುವ ಕಡೆ ಮೊದಲು ಮೀಟರನ್ನೇ ಪರೀಕ್ಷಿಸಬೇಕು. ಗೊತ್ತಿಲ್ಲದ ಕಡೆ ಆಮೇಲೆ. ಐಟಿಐಯಲ್ಲಿ ಬೈದು ಬೈದು ಕಲಿಸಿದ್ದರಂತೆ. (ನನಗೆ ಯಾರೂ ಹೀಗೆ ಬೈದಿಲ್ಲ. ನಾನು ಹಾಸ್ಟೆಲ್ ಲೈಬ್ರರಿಯಲ್ಲಿ ಕಲಿತವನು. ಅಲ್ಲಿ ಕೊನೆಯ ಪುಟ ಹರಿದ ಪುಸ್ತಕಗಳೇ ಹೆಚ್ಚು.)

ಫ್ಯಾನು ಓಡುತ್ತಿದ್ದ ಬೋರ್ಡಿನ ಪ್ಲಗ್ಗಿಗೇ, ಸ್ವಿಚ್ ಹಾಕಿ, ಕಡ್ಡಿಗಳನ್ನು ಚುಚ್ಚಿದಳು. ಸೊನ್ನೆ. ಡಯಲ್ ತಿರುಗಿಸಿ ಮತ್ತೆ ನೋಡಿದಳು. ಸೊನ್ನೆ. ತಲೆಯ ಮೇಲೆ ಫ್ಯಾನು ಆರಾಮಾಗಿ ತಿರುಗುತ್ತಿತ್ತು.

೬
ಈಗ ಈ ವಿಷಯ ಅವಳಿಗೆ ಗೊತ್ತು, ನನಗೆ ಗೊತ್ತು, ನಿಮಗೆ ಗೊತ್ತು. ಜಮಾಲಸಾಬನಿಗೆ ಗೊತ್ತಿಲ್ಲ; ಅವನಿಗೆ ಅಂಕಿ ಮೂಡಿದ್ದೇ ಸಾಕು. ಬಾಯಿ ಮುಚ್ಚಿಕೊಂಡು ಹೋದರೆ ಕೆಲಸ, ಹೇಳಿದರೆ ಸೂಜಿ. ಆದ್ದರಿಂದ ಅಂತ್ಯ ಎರಡನ್ನು ಅವಳ ಕಿವಿಯಲ್ಲಿ ಉಸುರಿದೆ: “ಹೋಗು. ಅಲ್ಲಿ ಮೇನ್ ಆಫ್ ಮಾಡಿಕೊಂಡರಾಯ್ತು.”

“ಆಫ್ ಆಗೈತಿ ಅಂತ ಹೇಳಾವರು ಯಾರು? ಇದಾ?”

ಅಂತ್ಯ ಮೂರು: ಅಪ್ಪನ ಕಣ್ಣು ತೆರೆಯುತ್ತದೆ, ಮಗಳನ್ನು ತಬ್ಬಿ ಹೊಸ ಮೀಟರ್ ಕೊಡಿಸುತ್ತಾನೆ. ಸೈಮಾ ನಕ್ಕುಬಿಟ್ಟಳು. “ನೀವು ನಮ್ಮ ಅಬ್ಬಾನ್ನ ನೋಡೇ ಇಲ್ಲ ಬಿಡ್ರಿ.”

ಆಮೇಲೆ ಅಪ್ಪನ ಕಡೆ ತಿರುಗಿದಳು.

“ಅಬ್ಬಾ, ಪಂಖಾ ತಿರುಗಾಕತ್ತೈತಿ, ಇದು ಸೊನ್ನಿ ಅಂತೈತಿ. ಇದನ್ನ ನಾ ಒಯ್ಯಂಗಿಲ್ಲ.”

ಜಮಾಲಸಾಬ ಫ್ಯಾನು ನೋಡಿದ. ಮೀಟರು ನೋಡಿದ.

“ಅಂದ್ರ ಚಾಲೂ ಆಗಿಲ್ಲ.”

“ಇಲ್ಲ.”

“ಹಂಗ ಹಿಡ್ಕೊಂಡು ಹೋಗಿದ್ರ?”

“ಗಾದಿ ಹೊಲಿಯಾಕ ನೀ ಬ್ಯಾರೆ ಯಾರನ್ನರ ನೋಡಬೇಕಾಗ್ತಿತ್ತು.”

ಷರತ್ತಿನ ಪ್ರಕಾರ ಗೆದ್ದವನು ಅವನೇ. ಆದರೂ ಎದ್ದು ಕಿಟಕಿಗೆ ಹೋದ. ಗ್ರಿಲ್ ಮೇಲೆ ಕಾಯುತ್ತಿದ್ದ ಸೆಲ್ಲುಗಳನ್ನು ಬಾಚಿಕೊಂಡ. (ಪಶ್ಚಾತ್ತಾಪ ಎಂದು ಓದಬೇಡಿ. ಎಸೆಯಲಿಲ್ಲ, ಜೇಬಿಗೆ ಹಾಕಿಕೊಂಡ.)

“ಆ ಬಾಯಿಗೆ ಫೋನ್ ಹಚ್ಚು. ಸಂಜೀಕ ಬರ್ತೀನಿ, ಅಲ್ಲೀತನ ಗೀಸರ್ ಮುಟ್ಟಬ್ಯಾಡ್ರಿ ಅನ್ನು,” ಎಂದ, ಕಿಟಕಿಗೇ ಹೇಳುವವನ ಹಾಗೆ.

೭
ಸೈಮಾ ಫೋನ್ ಮಾಡಿ, ಮೀಟರನ್ನು ಪೂರ್ತಿ ಬಿಚ್ಚಿದಳು. ಡಯಲ್ಲಿನ ಕೆಳಗಿನ ತಾಮ್ರದ ಪಟ್ಟಿಗಳಿಗೂ ಪುಡಿ ಹಬ್ಬಿತ್ತು; ಸೊನ್ನೆಗೆ ಕಾರಣ ಅದು.

ಸಂಜೆಯೊಳಗೆ ರಿಪೇರಿಯಾಯಿತೇ ಎಂದು ನೀವು ಕೇಳುತ್ತೀರಿ. ಕೆಲಸ ಸಿಕ್ಕಿತೇ ಎಂದೂ ಕೇಳುತ್ತೀರಿ. ನನ್ನ ಬಳಿ ಒಂದು ಭರ್ಜರಿ ಕೊನೆಯ ವಾಕ್ಯ ಸಿದ್ಧವಿತ್ತು. ಮೀಟರಿಗೆ ಹಾಕಲು ಅದರ ಹಳದಿ ಮುಚ್ಚಳವನ್ನೂ ಕೈಗೆತ್ತಿಕೊಂಡಿದ್ದೆ.

“ಅದನ್ನ ಕೆಳಗಿಡ್ರಿ,” ಎಂದಳು ಸೈಮಾ, ತಲೆ ಎತ್ತದೆ. “ಟೆಸ್ಟ್ ಆಗೋತನ ಸ್ಕ್ರೂ ಹಾಕಂಗಿಲ್ಲ. ಸುಮ್ನ ಕುಂಡ್ರೂ ಬದಲಿ ಇನ್ನೊಂದು ನಿಂಬಿಹಣ್ಣರ ಹೆಚ್ಚರಿ.”

ಹೆಚ್ಚುತ್ತಿದ್ದೇನೆ.