ಮೂರು ಸಲ ಫೋನ್ ಮಾಡಿದ ಮೇಲೆ

ಅಕ್ಕನ ಕೆಲಸವೇ ವಿಳಾಸ ಸರಿಮಾಡುವುದು. ಊರಿನ ಅಷ್ಟೂ ಅಂಗಡಿ, ಹೋಟೆಲು, ಕ್ಷೌರದಂಗಡಿ ಎಲ್ಲಿವೆ, ಎಷ್ಟೊತ್ತಿಗೆ ತೆಗೆಯುತ್ತವೆ, ಬದುಕಿವೆಯೋ ಸತ್ತಿವೆಯೋ ಅಂತ ಫೋನಿನ ನಕ್ಷೆಯಲ್ಲಿ ತೋರಿಸುತ್ತಾರಲ್ಲ, ಅದರ ಹಿಂದೆ ಕೂತು ತಲೆ ಕೆಡಿಸಿಕೊಳ್ಳುವವರಲ್ಲಿ ಅವಳೂ ಒಬ್ಬಳು. ನಾಲ್ಕನೇ ಮಹಡಿ, ಕಿಟಕಿಯಿಲ್ಲದ ಹಾಲು, ತಲೆಗೆ ಹೆಡ್‌ಫೋನು, ಕಣ್ಣೆದುರು ಪರದೆ. ಒಂಬತ್ತು ವರ್ಷ ಇದನ್ನೇ ಮಾಡಿ ಮಾಡಿ ಆಫೀಸಿನಲ್ಲಿ ಅವಳಿಗೆ ವಿಳಾಸಮ್ಮ ಅಂತಲೇ ಹೆಸರು ಬಿದ್ದಿತ್ತು. ಆ ಕೆಲಸಕ್ಕೊಂದು ನಿಯಮ. ಅಂಗಡಿ ಇದೆಯೋ ಇಲ್ಲವೋ ಅಂತ ಅನುಮಾನ ಬಂದರೆ ದಿನಕ್ಕೊಂದರಂತೆ ಮೂರು ದಿನ ಫೋನ್ ಮಾಡಬೇಕು. ಮೂರು ಸಲವೂ ಎತ್ತಲಿಲ್ಲವೋ, 'ಶಾಶ್ವತವಾಗಿ ಮುಚ್ಚಿದೆ' ಅಂತ ಒತ್ತಿ ಕೈ ತೊಳೆದುಕೊಳ್ಳಬೇಕು. ದಿನಕ್ಕೆ ಅರವತ್ತು ಅಂಗಡಿ ಮುಗಿಸಬೇಕಾದವಳು ನಾಲ್ಕನೇ ಸಲ ಯಾರಿಗೆ ಮಾಡುತ್ತಾಳೆ?

ಇಂಥವಳಿಗೆ ತಂಗಿಯಿಂದ ಒಂದು ಸಂದೇಶ ಬಂತು. ತಂಗಿ ಹಡಗಿನಲ್ಲಿ ಅಡುಗೆಯವಳು. ನಾಲ್ಕು ವರ್ಷದ ಹಿಂದೆ, ನಾಳೆ ಹೊರಡುತ್ತೇನೆ ಅಂತ ಇವತ್ತು ಹೇಳಿ ಪೆಟ್ಟಿಗೆ ಕಟ್ಟಿದವಳು. ಅಕ್ಕನಿಗೆ ಮೈಯೆಲ್ಲ ಉರಿದು, "ಹೋಗು, ಮತ್ತೆ ಈ ಬಾಗಿಲು ತಟ್ಟಬೇಡ" ಅಂದುಬಿಟ್ಟಿದ್ದಳು. ಆಮೇಲೆ ಮನಸ್ಸು ತಡೆಯದೆ ಫೋನ್ ಮಾಡಿದಳು, ಒಂದಲ್ಲ ಮೂರು ಸಲ. ಎತ್ತಲಿಲ್ಲ. ಎತ್ತದವಳಿಗಾಗಿ ನಾನ್ಯಾಕೆ ಸಾಯಲಿ ಅಂತ ಬಿಟ್ಟಳು. ಅಲ್ಲಿಂದೀಚೆಗೆ ಇಬ್ಬರ ನಡುವೆ ಹುಟ್ಟಿದಹಬ್ಬಕ್ಕೊಂದು ಶುಭಾಶಯ, ಅದಕ್ಕೊಂದು ಧನ್ಯವಾದ, ಇಷ್ಟೇ.

ಈಗ ನೋಡಿದರೆ ಇದ್ದಕ್ಕಿದ್ದ ಹಾಗೆ ಇಷ್ಟುದ್ದ ಬರೆದಿದ್ದಳು. "ಶುಕ್ರವಾರ ಬರ್ತೀನಿ. ನಾಲ್ಕೂವರೆಯಿಂದ, ಬಂದರಿಗೆ ಹೋಗೋ ಎಂಟೂವರೆ ಬಸ್ಸಿನ ತನಕ ಬಿಡುವು. ಅಲ್ಲೇ ಊರಲ್ಲೊಂದು ಆಸ್ಪತ್ರೆ ಅಡುಗೆಮನೇಲಿ ಕೆಲಸ ಕೊಡ್ತೀವಿ ಅಂದಿದ್ದಾರೆ. ಹಡಗಿನವರೂ ಇನ್ನೆರಡು ವರ್ಷಕ್ಕೆ ಬಾ ಅಂತಿದ್ದಾರೆ. ಅವತ್ತು ಎಂಟರೊಳಗೆ ಅವರಿಗೆ ಹೂಂ ಅಥವಾ ಉಹೂಂ ಹೇಳ್ಬೇಕು. ಒಂದು ಒಳ್ಳೆ ಮೆಕ್ಸಿಕನ್ ಹೋಟೆಲು, ಸಂಜೆ ಹೊತ್ತು ಕೂತು ಹರಟೋಕೆ ಒಂದು ಜಾಗ ತೋರ್ಸು. ಅಷ್ಟಿದ್ರೆ ಉಳ್ಕೊಂಡ್ಬಿಡ್ತೀನಿ."

ಹಡಗಿನ ಮುಖ್ಯ ಅಡುಗೆಯವನು ಮೆಕ್ಸಿಕೋದವನಂತೆ. ಪಾಳಿ ಮುಗಿದ ಮೇಲೆ ಅವನು ಸುಟ್ಟುಕೊಟ್ಟಿದ್ದನ್ನು ತಿಂದೂ ತಿಂದೂ ಇವಳ ನಾಲಿಗೆ ಅದಕ್ಕೇ ಒಗ್ಗಿಹೋಗಿತ್ತು. ಕೊನೆಯ ಮಾತು ತಮಾಷೆಗೆ ಬರೆದದ್ದೋ ಏನೋ. ಅಕ್ಕ ಮಾತ್ರ ಅದನ್ನು ತಮಾಷೆಯಾಗಿ ತಗೊಳ್ಳಲಿಲ್ಲ. ಎದುರುಬದುರು ಕೂತು ತಪ್ಪಾಯ್ತು ಅನ್ನುವುದು ಅವಳ ಜಾಯಮಾನವಲ್ಲ. ಆದರೆ ಹೋಟೆಲು ಹುಡುಕು ಅಂದರೆ ಅವಳಿಗೆ ಅದೇನು ಮಹಾ? ಒಂದು ವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪರದೆ ಜಾಲಾಡಿ, ಊರಿನ ಮೆಕ್ಸಿಕನ್ ಹೋಟೆಲುಗಳಲ್ಲಿ ಮೂರನ್ನು ಆರಿಸಿದಳು. ಮೂರಕ್ಕೂ ನಕ್ಷೆಯಲ್ಲಿ ನಾಲ್ಕೂವರೆ ನಕ್ಷತ್ರದ ಮೇಲೆ. ಅನುಮಾನವೇ ಬರಲಿಲ್ಲ, ಫೋನ್ ಮಾಡಿ ನೋಡಲಿಲ್ಲ.

ಶುಕ್ರವಾರ ತಂಗಿ ಬಂದಳು. ಇನ್ನಷ್ಟು ಕಪ್ಪಾಗಿದ್ದಳು, ಮುಂಗೈಯಲ್ಲಿ ಸುಟ್ಟ ಗಾಯದ ಹಳೇ ಗೀರುಗಳು. ಅಕ್ಕ ಅದನ್ನು ನೋಡಿ ಏನೋ ಕೇಳಬೇಕೆಂದುಕೊಂಡವಳು, "ನಡಿ, ಹೊತ್ತಾಗುತ್ತೆ" ಅಂದಳು.

ಮೊದಲನೇ ಹೋಟೆಲಿನಲ್ಲಿ ಗೋಡೆ ತುಂಬ ದೊಡ್ಡ ದೊಡ್ಡ ಟೋಪಿ ನೇತುಹಾಕಿದ್ದರು. ಬಡಿಸುವವನ ತಲೆ ಮೇಲೂ ಒಂದು. ಅವನು ಬಗ್ಗಿದಾಗಲೆಲ್ಲ ಅದರ ಅಂಚು ಅಕ್ಕನ ಹಣೆಗೆ ಬಡಿಯುತ್ತಿತ್ತು. ಹಾಡಿನ ಅಬ್ಬರಕ್ಕೆ ಪಕ್ಕದಲ್ಲಿ ಕೂತವರ ಮಾತೇ ಕೇಳದು. "ಹಡಗಲ್ಲಿ ಮಲಗೋಕೆ ಜಾಗ ಸರಿಯಾಗಿದ್ಯಾ?" ಅಂತ ಅಕ್ಕ ಎರಡು ಸಲ ಕೂಗಿ ಕೇಳಿದರೂ ತಂಗಿಗೆ ಕೇಳಿಸಲಿಲ್ಲ. ರೊಟ್ಟಿ ಮಡಚಿ ಒಳಗೆ ಪಲ್ಯ ತುಂಬಿದ ಟ್ಯಾಕೊ ಬಂತು. ತಂಗಿ ಅಂಚು ಮುರಿದು ಮೂಸಿ ನೋಡಿ ತಟ್ಟೆಗೆ ಹಾಕಿದಳು. "ಪೊಟ್ಟಣದ್ದು. ಸಾಲ್ಸಾ ಚಟ್ನಿ ಅಂತ ಕೊಟ್ಟಿರೋದು ಬರೀ ಟೊಮ್ಯಾಟೊ ಸಾಸು." ಅಕ್ಕ ಬಡಿಸುವವನನ್ನು ಕರೆದು ತರಾಟೆಗೆ ತಗೊಂಡಳು. ಅವನು ಟೋಪಿ ಸರಿಮಾಡಿಕೊಂಡು, ನಿಮ್ಮ ಅಭಿಪ್ರಾಯವನ್ನು ನಕ್ಷೆಯಲ್ಲಿ ಬರೆಯಿರಿ ಮೇಡಂ, ಅಂದ.

ಎರಡನೆಯದು ಆರನೇ ಮಹಡಿಯ ತಾರಸಿಯಲ್ಲಿ. 'ಸಂಜೆ ಕಳೆಯಲು ಹೇಳಿಮಾಡಿಸಿದ ಜಾಗ' ಅಂತ ಯಾರೋ ಪುಣ್ಯಾತ್ಮ ಬರೆದಿದ್ದ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಷ್ಟರಲ್ಲಿ ಅಕ್ಕನ ಜೀವ ಬಾಯಿಗೆ ಬಂತು. ಬಾಗಿಲಲ್ಲಿ ನಿಂತ ಹುಡುಗಿ, ಮೇಜಿಗೆ ಮುಂಚೆಯೇ ಹೇಳಿಟ್ಟಿದ್ದೀರಾ, ನಾಲ್ಕು ಜನಕ್ಕಿಂತ ಕಮ್ಮಿ ಇದ್ದರೆ ಮೇಜು ಕೊಡುವುದಿಲ್ಲ, ಕೊಟ್ಟರೂ ಮುಕ್ಕಾಲು ಗಂಟೆ ಮಾತ್ರ, ಅಂದಳು.

"ಮುಕ್ಕಾಲು ಗಂಟೇಲಿ ಏನಮ್ಮ ಹರಟೋದು? ನಾಲ್ಕು ವರ್ಷದ್ದಿದೆ" ಅಂದಳು ಅಕ್ಕ. ಅಂದಮೇಲೆ ತನಗೇ ಮುಜುಗರವಾಯಿತು. ತಂಗಿ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಮೂರನೆಯದು ಹಾಸಿಗೆ ಅಂಗಡಿಯಾಗಿತ್ತು. ಅಕ್ಕ ಫೋನು ನೋಡಿದಳು, ಬೋರ್ಡು ನೋಡಿದಳು, ಮತ್ತೆ ಫೋನು ನೋಡಿದಳು. ನಕ್ಷೆಯಲ್ಲಿ ಹೋಟೆಲು ಜೀವಂತವಾಗಿದೆ, ರಾತ್ರಿ ಹನ್ನೊಂದರ ತನಕ ತೆರೆದಿದೆ. ಹಾಸಿಗೆ ಮಾರುವವನು ಹಲ್ಲು ಬಿಟ್ಟು, "ಊಟಕ್ಕೆ ಬಂದ್ರಾ? ಒಂದೂವರೆ ವರ್ಷ ಆಯ್ತು ಅವರು ಹೋಗಿ. ದಿನಾ ಹತ್ತು ಜನ ಬರ್ತಾರೆ. ಬಂದಿದ್ದೀರಿ, ಒಂದು ಹಾಸಿಗೆ ನೋಡ್ಕೊಂಡು ಹೋಗಿ" ಅಂದ.

ಹಾಳಾದ್ದು, ಅವಳದೇ ಆಫೀಸಿನ ಕೆಲಸ. ಪಕ್ಕದ ಸಾಲಿನ ಯಾವನೋ ಸೋಮಾರಿ ನೋಡದೆ ಒತ್ತಿದ್ದಾನೆ. ಅಕ್ಕನಿಗೆ ಅಳು ಬರುವಷ್ಟು ಸಿಟ್ಟು ಬಂತು. ಕಾಲು ಸೋತು ಅಲ್ಲೇ ಒಂದು ಹಾಸಿಗೆಯ ಮೇಲೆ ಕೂತಳು. ತಂಗಿಯೂ ಪಕ್ಕದಲ್ಲಿ ಕೂತಳು. ತಣ್ಣಗಿತ್ತು, ಸದ್ದಿರಲಿಲ್ಲ. ಇಡೀ ಸಂಜೆಯಲ್ಲಿ ನೆಮ್ಮದಿಯಾಗಿ ಕೂತದ್ದು ಇಲ್ಲೇ, ಅದೂ ಪ್ಲಾಸ್ಟಿಕ್ ಬಿಚ್ಚದ ಹಾಸಿಗೆ ಮೇಲೆ.

"ಕೈಗೆ ಏನಾಯ್ತೆ?" ಅಂದಳು ಅಕ್ಕ.

"ಎಣ್ಣೆ. ಹಡಗು ವಾಲಿತು, ಬಾಣಲೆ ಜಾರಿತು."

"ಒಂದು ಮಾತು ಹೇಳ್ಬಾರ್ದಿತ್ತಾ?"

ತಂಗಿ ಉತ್ತರ ಕೊಡುವಷ್ಟರಲ್ಲಿ ಮಾರುವವನು ಬಂದು, ಕೂತು ನೋಡಿದರೆ ಗೊತ್ತಾಗಲ್ಲ, ಮಲಗಿ ನೋಡಿ, ಅಂದ. ಅಕ್ಕ ಅವನ ಮೇಲೆ ಹರಿಹಾಯ್ದಳು. ನೀವಾದರೂ ಬೋರ್ಡಿನ ಕೆಳಗೆ ಒಂದು ಚೀಟಿ ಅಂಟಿಸಬಾರದಾ, ಜನ ಅಲೆದು ಸಾಯ್ತಾರಲ್ಲ, ಅಂತ ಐದು ನಿಮಿಷ ಜಗಳ ಆಡಿದಳು. ಅಷ್ಟು ಹೊತ್ತು ತಂಗಿ ಹೊರಗೆ ಹೋಗಿ ಫುಟ್‌ಪಾತಿನ ಮೇಲೆ ನಿಂತಿದ್ದಳು. ಅಕ್ಕ ಹೊರಗೆ ಬಂದಾಗ ಏಳು ಗಂಟೆ.

"ಬಸ್ ನಿಲ್ದಾಣದ ಕಡೆಗೇ ಹೋಗೋಣ. ಅಲ್ಲೇ ಏನಾದ್ರೂ ತಿಂದ್ರಾಯ್ತು" ಅಂದಳು ತಂಗಿ. ಅವಳ ದನಿಯಲ್ಲಿ ಬೇಸರವೂ ಇರಲಿಲ್ಲ. ಅದೇ ಅಕ್ಕನಿಗೆ ಸಹಿಸಲಾಗಲಿಲ್ಲ. ನಾಲ್ಕು ಮಾತು ಬೈದಿದ್ದರೂ ಹೊಟ್ಟೆ ತಣ್ಣಗಾಗುತ್ತಿತ್ತು.

ನಿಲ್ದಾಣಕ್ಕೆ ಎರಡು ಬೀದಿ ಇರುವಾಗ ತಂಗಿ ತಟ್ಟನೆ ನಿಂತಳು. ಮೂಗೆತ್ತಿ ಗಾಳಿ ಎಳೆದುಕೊಂಡಳು. "ಸುಣ್ಣದ ನೀರಲ್ಲಿ ನೆನೆಸಿದ ಮೆಕ್ಕೆಜೋಳದ ರೊಟ್ಟಿ. ಯಾರೋ ಈಗ ತಾನೇ ಕಾವಲಿಗೆ ಹಾಕಿದ್ದಾರೆ." ಇನ್ನೊಂದು ಮಾತಾಡದೆ ಒಂದು ಸಂದಿಗೆ ತಿರುಗಿದಳು. ಟೈರ್ ಅಂಗಡಿ, ಇಸ್ತ್ರಿ ಅಂಗಡಿ ದಾಟಿದರೆ ತೆರೆದ ಬಾಗಿಲು, ಹಳದಿ ದೀಪ. ಒಳಗೆ ಐದು ಮೇಜು. ಹಿಂದೆ ಪುಟ್ಟ ಅಂಗಳ, ಒಂದು ಮರ, ಮರದಡಿ ಎರಡು ಬೆಂಚು. ಎಲ್ಲ ಖಾಲಿ.

ಅಕ್ಕ ಫೋನಿನಲ್ಲಿ ನೋಡಿ ಅವಳ ತೋಳು ಹಿಡಿದು ಎಳೆದಳು. "ಬಾರೆ, ಇದು ಮುಚ್ಚಿದೆ."

ತಂಗಿ ತೆರೆದ ಬಾಗಿಲು ನೋಡಿದಳು, ಅಕ್ಕನ ಮುಖ ನೋಡಿದಳು. "ಏನು ಮುಚ್ಚಿದೆ?"

"ಶಾಶ್ವತವಾಗಿ ಮುಚ್ಚಿದೆ. ಇಲ್ಲಿದೆ ನೋಡು."

"ಅಕ್ಕ, ಒಬ್ಬಾತ ಒಳಗೆ ನಿಂತು ಟೋರ್ಟಿಯಾ ರೊಟ್ಟಿ ಸುಡ್ತಿದ್ದಾನೆ."

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಹೋಟೆಲಿನವನು ಬಾಗಿಲಿಗೆ ಬಂದ. ಗಿರಾಕಿ ಬಂದದ್ದು ಅವನಿಗೇ ನಂಬಿಕೆಯಾದ ಹಾಗಿರಲಿಲ್ಲ. ಮರದಡಿ ಕೂರಿಸಿ, ಐದೇ ನಿಮಿಷದಲ್ಲಿ ಬಿಸಿ ಟ್ಯಾಕೊ ತಂದಿಟ್ಟ. ತಂಗಿ ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. ಎರಡನೆಯದಕ್ಕೆ ಅವಳ ಕೆನ್ನೆ ಮೇಲೆ ನೀರಿಳಿಯಿತು. ಖಾರಕ್ಕಲ್ಲ ಅಂತ ಅಕ್ಕನಿಗೆ ಗೊತ್ತಾಯಿತು. ಗಂಟೆ ಏಳೂ ಇಪ್ಪತ್ತು. ಎಂಟಕ್ಕೆ ಇನ್ನೂ ನಲವತ್ತು ನಿಮಿಷ ಇದೆ, ಗೆದ್ದೆ ಅಂದುಕೊಂಡಳು.

"ಇಷ್ಟು ಚೆನ್ನಾಗಿ ಮಾಡ್ತೀರಿ, ಜನ ಯಾಕಿಲ್ಲ?" ತಂಗಿ ಕೇಳಿದಳು.

"ಇದ್ರು. ಈ ಬೆಂಚಿಗೆ ಕಾಯ್ತಿದ್ರು. ಹೋದ ವರ್ಷ ಯಾರೋ ಫೋನಿನ ನಕ್ಷೇಲಿ ನಮ್ಮನ್ನ ಮುಚ್ಚಿಬಿಟ್ರು. ಬರೆದೆ, ಕೇಳ್ಕೊಂಡೆ. ಯಾರೂ ನೋಡಲಿಲ್ಲ. ಮುಚ್ಚಿದೆ ಅಂತ ಓದಿದ ಮೇಲೆ ಯಾರು ಬರ್ತಾರೆ? ಈ ತಿಂಗಳಿಗೆ ನಿಜವಾಗ್ಲೂ ಮುಚ್ತೀನಿ." ಅವನು ಹೆಗಲ ಬಟ್ಟೆಗೆ ಕೈ ಒರೆಸಿಕೊಂಡ. "ಹನ್ನೊಂದರಿಂದ ಒಂದರವರೆಗೆ ಜೋಳ ರುಬ್ಬೋ ಯಂತ್ರ ಓಡುತ್ತೆ. ಆ ಸದ್ದಲ್ಲಿ ಫೋನು ಕೇಳಲ್ಲ. ಆಗ ಮಾಡಿದ್ರೋ ಏನೋ."

ಅಕ್ಕನಿಗೆ ನೆನಪಾಯಿತು. ಟೈರ್ ಅಂಗಡಿ ಸಂದಿ. ಹನ್ನೊಂದೂವರೆಗೆ ಅವಳು ಈ ಭಾಗದ ಪಟ್ಟಿ ಹಿಡಿಯುತ್ತಿದ್ದಳು, ದಿನಾ ಅದೇ ಹೊತ್ತಿಗೆ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

"ನಾನೇ ಮುಚ್ಚಿದ್ದು" ಅಂದಳು. "ಅದು ನನ್ನ ಕೆಲಸ. ಮೂರು ಸಲ ಫೋನ್ ಮಾಡಿದ್ದೆ."

ಅವನು ಬೈಯುತ್ತಾನೆ ಅಂತ ಕಾದಳು. ಬೈಯಲಿಲ್ಲ. "ಮೂರೇ ಸಲಾನಾ?" ಅಂದ. ಕಾವಲಿಯ ಮೇಲೆ ಏನೋ ಸೀಯುತ್ತಿತ್ತು, ಒಳಗೆ ಹೋದ.

ತಂಗಿ ತಟ್ಟೆ ನೋಡುತ್ತ ಹೇಳಿದಳು. "ನನಗೂ ನೀನು ಮೂರೇ ಸಲ ಮಾಡಿದ್ದೆ. ಹೊಸದರಲ್ಲಿ ನಾನು ದಿನಾ ಹದಿನಾರು ಗಂಟೆ ಒಲೆ ಮುಂದೆ ಇರ್ತಿದ್ದೆ, ತಲೆ ಮೇಲೆ ಹೊಗೆ ಎಳೆಯೋ ಫ್ಯಾನಿನ ಗದ್ದಲ. ನೀನು ಮಾಡಿದ್ದನ್ನ ಆಮೇಲೆ ನೋಡ್ಕೊಂಡೆ. ತಿರುಗಿ ಮಾಡೋಕೆ ಭಯ, ಬಾಗಿಲು ತಟ್ಟಬೇಡ ಅಂದಿದ್ಯಲ್ಲ. ನೀನು ಇನ್ನೊಂದ್ಸಲ ಮಾಡ್ತೀಯ ಅಂತ ಒಂದು ತಿಂಗಳು ಫೋನು ಜೇಬಲ್ಲೇ ಇಟ್ಕೊಂಡಿದ್ದೆ."

ಅಕ್ಕ ಗಡಿಯಾರ ನೋಡಿದಳು. "ಎಂಟಕ್ಕೆ ಇನ್ನೂ ಹೊತ್ತಿದೆ. ಹಡಗಿನವರಿಗೆ ಬರಲ್ಲ ಅಂತ ಹೇಳು. ಇದು ನಿಂಗೆ ಹಿಡಿಸ್ತಲ್ಲ. ತಪ್ಪು ನನ್ನದೇ ಕಣೆ. ಉಳ್ಕೋ."

"ಹೇಳಾಯ್ತಕ್ಕ" ಅಂದಳು ತಂಗಿ. "ನೀನು ಹಾಸಿಗೆಯವನ ಹತ್ರ ಜಗಳ ಆಡ್ತಿದ್ದಾಗ. ಬರ್ತೀನಿ ಅಂದೆ. ಆಸ್ಪತ್ರೆಯವರಿಗೂ ಬೇಡ ಅಂದೆ. ಮೂರು ಕಡೆ ನೋಡಿದ್ವಲ್ಲ, ಇನ್ನು ಇಲ್ಲೇನೂ ಇಲ್ಲ ಅನ್ನಿಸ್ತು."

ಇಬ್ಬರೂ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ತಿಂದರು. ಎಂಟೂವರೆ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಆ ಸಂಜೆ ಹೊತ್ತಿಗೆ ಸರಿಯಾಗಿ ಬಂದದ್ದು ಅದೊಂದೇ.

ಸೋಮವಾರ ಅಕ್ಕ ಆ ಹೋಟೆಲಿನ ಪುಟ ತೆಗೆದು ತೆರೆದಿದೆ ಅಂತ ಒತ್ತಲು ಹೋದಳು. ಪರದೆ ಒಪ್ಪಲಿಲ್ಲ. ಮಾಲೀಕರ ಜೊತೆ ಫೋನಿನಲ್ಲಿ ಮಾತಾಡಿ ಖಚಿತಪಡಿಸಿ ಅಂದಿತು. ಹನ್ನೊಂದೂವರೆ. ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಬೇರೆ ಯಾವ ಅಂಗಡಿಯನ್ನೂ ಮುಟ್ಟದೆ ಒಂದೂವರೆ ಗಂಟೆ ಅದನ್ನೇ ಮಾಡಿದಳು. ಒಂದೂ ಐದಕ್ಕೆ ಅವನು ಎತ್ತಿದ. "ಹೋಟೆಲು ತೆರೆದಿದೆಯಾ?" ಅಂತ ಆಫೀಸಿನ ದನಿಯಲ್ಲಿ ಕೇಳಿದಳು. ಅವನಿಗೆ ದನಿ ಗುರುತಾಗಿರಬೇಕು. "ತಿಂಗಳ ಕೊನೇವರೆಗೆ ತೆರೆದಿದೆ. ಆಮೇಲೆ ನೋಡೋಣ" ಅಂದ.

ಹೆಡ್‌ಫೋನು ತೆಗೆಯದೆ ತಂಗಿಯ ನಂಬರು ಒತ್ತಿದಳು. ಬಡಿದುಕೊಂಡೂ ಬಡಿದುಕೊಂಡೂ ನಿಂತಿತು. ಮತ್ತೆ ಒತ್ತಿದಳು. ಇನ್ನೊಂದು ಸಲ. ಪಕ್ಕದ ಕುರ್ಚಿಯವನು ತನ್ನ ಪರದೆಯಿಂದ ಕಣ್ಣು ತೆಗೆಯದೆ, "ಮೂರಾಯ್ತು ವಿಳಾಸಮ್ಮ, ಮುಚ್ಚಿ ಮುಂದಕ್ಕೆ ಹೋಗಿ" ಅಂದ.

"ಅವಳು ಒಲೆ ಮುಂದೆ ಇರ್ತಾಳೆ, ಕೇಳ್ಸಲ್ಲ" ಅಂದಳು ಅಕ್ಕ, ಮತ್ತೆ ಒತ್ತಿದಳು.